ಅಡ್ಡಿ ಇದ್ದವರು ಹೇಳತಕ್ಕದ್ದು

"ಒಳಗಿನ ಸದ್ದು ಹೊರಗೆ ಬರಬಾರದು. ಒಂದು ಚೂರೂ ಬರಬಾರದು. ಅಂಥ ಗಾಜು ಹಾಕು," ಎಂದರು ಚರ್ಚು ಸಮಿತಿಯ ಅಧ್ಯಕ್ಷರು.

ಗಾಜಪ್ಪ ಟೇಪಿನ ತುದಿಯನ್ನು ಕಂಬದ ಬುಡಕ್ಕೆ ಒತ್ತಿ ಹಿಡಿದಿದ್ದ. ಚರ್ಚಿನ ಹಿಂಬದಿಯ ಮೂಲೆ ಅದು. ಕಾಲು ಮುರಿದ ಬೆಂಚುಗಳು, ಬಣ್ಣ ಹೋದ ಹೂದಾನಿಗಳು, ತಂತಿ ಕಿತ್ತುಹೋದ ಗಿಟಾರು, ಯಾರಿಗೂ ಬೇಡವಾದದ್ದೆಲ್ಲ ಬಂದು ಬೀಳುತ್ತಿದ್ದ ಜಾಗ. ಈಗ ಅದಕ್ಕೂ ಯೋಗ ಬಂದಿತ್ತು. ಚರ್ಚು, ಪಕ್ಕದ ಶಾಲೆ, ನಡುವಿನ ಮೈದಾನ ಎಲ್ಲ ಸೇರಿಸಿ ದೊಡ್ಡದೊಂದು ಸುಧಾರಣಾ ಯೋಜನೆ ತಯಾರಾಗಿತ್ತು. ಆ ಮೂಲೆಗೆ ಗಾಜಿನ ಗೋಡೆ ಹಾಕಿ ಕೋಣೆ ಮಾಡುವುದು ಅದರ ಒಂದು ಭಾಗ.

ಅವನ ಹೆಸರು ಗಾಜಪ್ಪ ಅಲ್ಲ. ದೀಕ್ಷಾಸ್ನಾನದ ದಿನ ಇಟ್ಟದ್ದು ಒಬ್ಬ ಸಂತರ ಹೆಸರು. ಅದನ್ನು ಅವನ ಅಮ್ಮ ಮಾತ್ರ, ಅದೂ ಸಿಟ್ಟು ನೆತ್ತಿಗೇರಿದಾಗ ಮಾತ್ರ ಬಳಸುತ್ತಿದ್ದಳು. ಅಂಗಡಿ, ಆಫೀಸುಗಳಿಗೆ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ ಗಾಜು ಹಾಕುವವನಾದ್ದರಿಂದ ಮಿಕ್ಕವರಿಗೆಲ್ಲ ಗಾಜಪ್ಪ. ಬಾಯಿಯೂ ಅದರದೇ ಜಾತಿ, ಒಡೆದರೆ ಚುಚ್ಚುತ್ತದೆ ಎಂದು ಅವನ ಅಕ್ಕ ಹೇಳುವುದಿತ್ತು. ಆದರೆ ಅವತ್ತು ಅವನು ಒಡೆಯುವ ಮನಸ್ಸಿನಲ್ಲಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಇದೇ ಕಾಂಪೌಂಡಿನ ಶಾಲೆ ಬಿಟ್ಟು ಹೋದವನನ್ನು ಇದೇ ಕಾಂಪೌಂಡಿನವರು ಕರೆದು ಕೆಲಸ ಕೊಡುತ್ತಿದ್ದರು. ಬರುವಾಗ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

"ಕೂಸುಗಳಿಗಾ ಸರ್ ಈ ಕೋಣೆ?"

"ಶಿಶು ಕೋಣೆ ಅಂತ ಹೆಸರು. ಅಳೋ ಮಕ್ಕಳನ್ನ ಎತ್ಕೊಂಡು ತಾಯಂದಿರು ಇಲ್ಲಿ ಕೂತ್ಕೋಬಹುದು. ಸ್ಪೀಕರ್ ಇರತ್ತೆ, ಫ್ಯಾನ್ ಇರತ್ತೆ. ನಮ್ಮ ಪೂಜೆ ಅವರಿಗೆ ಕೇಳತ್ತೆ, ಅವರ ಗಲಾಟೆ ನಮಗೆ ಕೇಳಲ್ಲ." ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಯಾವುದೋ ದೊಡ್ಡ ಇಲಾಖೆಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಕುರ್ಚಿ ಹೋದರೂ ಕೂರುವ ಗತ್ತು ಹೋಗಿರಲಿಲ್ಲ. "ನಿಜ ಹೇಳ್ಬೇಕು ಅಂದ್ರೆ ಮೊದಲ ಅನುಕೂಲ ನಿಮ್ಮ ಮನೆಗೇ."

"ನಮ್ಮ ಮನೇಲಿ ಕೂಸು ಎಲ್ಲಿದೆ ಸರ್?"

"ಅದೇ ಕಣಯ್ಯ. ನಿಮ್ಮಕ್ಕನ ಮಗಳು."

ಗಾಜಪ್ಪನ ಕೈ ಸಡಿಲವಾಯಿತು. ಟೇಪು ಸರ್ರನೆ ಓಡಿಬಂದು ಅವನ ಹೆಬ್ಬೆರಳನ್ನು ಸೀಳಿ ಡಬ್ಬಿಯೊಳಗೆ ಸೇರಿಕೊಂಡಿತು.

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಕೈ ಹಿಡಿದರೆ ನಡೆಯುತ್ತಾಳೆ, ಮೆಟ್ಟಿಲು ಬಂದರೆ ಎತ್ತಿಕೊಳ್ಳಬೇಕು. ಮಾತು ಬರುವುದಿಲ್ಲ. ಬರುವುದು ಒಂದೇ ಒಂದು ಸ್ವರ, "ಊ". ಅದನ್ನು ಹಸಿವಾದರೂ ಹೇಳುವುದಿಲ್ಲ, ನೋವಾದರೂ ಹೇಳುವುದಿಲ್ಲ. ಭಾನುವಾರ ಮುಂದಿನ ಬೆಂಚಿನಲ್ಲಿ ಕೂತಿರುವಾಗ, ಪೀಠದ ಬಳಿ ಗಂಟೆ ಬಾರಿಸಿ, ಆ ಗಂಟೆಯ ನಾದ ಅಡಗಿ, ಚರ್ಚಿನ ತುಂಬ ಎಲ್ಲರೂ ಉಸಿರು ಹಿಡಿದು ತಲೆ ಬಾಗಿಸಿರುವಾಗ ಹೇಳುತ್ತಾಳೆ. ಯಾರೋ ಅವಳನ್ನು ಕೂಗಿ ಕರೆದ ಹಾಗೆ, ಅವಳು ಓಗೊಟ್ಟ ಹಾಗೆ. ಎತ್ತರದ ಛಾವಣಿಗೆ ತಾಗಿ ವಾಪಸು ಬರುವಷ್ಟು ಗಟ್ಟಿಯಾಗಿ, "ಊ—!" ಹೇಳಿ ನಗುತ್ತಾಳೆ. ಮಿಕ್ಕ ಆರು ದಿನ ಬಾಯಿಯೇ ಬಿಡುವುದಿಲ್ಲ. ಗಾಜಪ್ಪ ಅವಳಿಗೆ ಇಟ್ಟ ಹೆಸರು ತುತ್ತೂರಿ.

"ಅವಳು ಶಿಶುನಾ ಸರ್?" ಎಂದ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡೇ.

"ಸಿಟ್ಟು ಮಾಡ್ಕೋಬೇಡಪ್ಪ. ಎಲ್ಲರ ಒಳ್ಳೇದಕ್ಕೆ. ಅಳತೆ ತಗೋ."

ಗಾಜಪ್ಪ ಅಳತೆ ತೆಗೆದುಕೊಳ್ಳಲಿಲ್ಲ. ಹಾಗಂತ ಹಾರಾಡಲೂ ಇಲ್ಲ. ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಅಕ್ಕನ ಮನೆಗೆ ಹೋದ.

ಅಕ್ಕನ ಮನೆ ಎಂದರೆ ಮಹಡಿಯ ಮೇಲಿನ ಒಂದೂವರೆ ಕೋಣೆ. ಭಾವ ಲಾರಿಯ ಮೇಲೆ ಊರೂರು ಅಲೆಯುವವನು. ಅಮ್ಮ ಒಳಗೆ ಮೊಮ್ಮಗಳ ತಲೆ ಬಾಚುತ್ತಿದ್ದಳು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುತ್ತಿದ್ದಳು. ತನ್ನ ಮಗಳು ಎಂದೂ ತೊಡದ ಸಮವಸ್ತ್ರ. ಮಗಳಿಗೆ ಆರು ತುಂಬಿದಾಗ ಕೈ ಹಿಡಿದುಕೊಂಡು ಹೋಗಿ ಕೇಳಿದ್ದಳು. ಶಾಲೆಯ ದೊಡ್ಡ ಸಿಸ್ಟರ್ ಬಹಳ ಪ್ರೀತಿಯಿಂದ ಮಗುವಿನ ಕೆನ್ನೆ ಸವರಿ, "ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ವಲ್ಲಮ್ಮ" ಎಂದಿದ್ದರು.

"ನಿಂಗೆ ಗೊತ್ತಿತ್ತಾ?" ಎಂದ ಗಾಜಪ್ಪ ಬಾಗಿಲಲ್ಲೇ ನಿಂತು.

ಅಕ್ಕ ದಾರ ಕಚ್ಚಿ ತುಂಡು ಮಾಡಿದಳು. "ಸಿಸ್ಟರ್ ಹೇಳಿದ್ರು."

"ಹೇಳಿದ್ರು, ನೀನು ಹೂಂ ಅಂದೆ."

"ಇನ್ನೇನು ಅನ್ಲೋ? ಅಲ್ಲಿ ಫ್ಯಾನ್ ಇರತ್ತಂತೆ. ಅವಳಿಗೂ ಸೆಕೆ ಆಗಲ್ಲ."

"ಫ್ಯಾನ್! ಗಂಟೆ ಕೇಳ್ಸುತ್ತೇನೇ ಅಲ್ಲಿ? ಸ್ಪೀಕರಲ್ಲಿ ಟಿಣ್ ಅಂತ ತಗಡು ಬಡಿದ ಹಾಗೆ ಬರತ್ತೆ. ಅವಳು ಅದಕ್ಕೆ ಓಗೊಡ್ತಾಳಾ? ವಾರಕ್ಕೆ ಒಂದ್ಸಲ ಬಾಯಿ ಬಿಡೋ ಮಗು ಅದು. ಅದನ್ನೂ ಮುಚ್ಚಿಸಿ, ಗಾಜಿನ ಪೆಟ್ಟಿಗೇಲಿಟ್ಟು, ನೋಡಿ ಹೋಗಿ ಅಂತ ಪ್ರದರ್ಶನಕ್ಕಿಡ್ತಾರೆ. ಆ ಪೆಟ್ಟಿಗೆ ಮಾಡೋಕೆ ಅವಳ ಮಾವನ್ನೇ ಕರೀತಾರೆ!"

"ಮೆಲ್ಲಗೆ ಮಾತಾಡೋ. ಕೆಳಗಿನ ಮನೆಯೋರಿಗೆ ಕೇಳತ್ತೆ."

"ಕೇಳ್ಲಿ! ಇಲ್ಲೂ ಒಂದು ಗಾಜು ಹಾಕ್ಲಾ?"

ಅಕ್ಕ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ, ಬರೀ ದಣಿವಿತ್ತು. "ಪ್ರತಿ ಭಾನುವಾರ ಅವಳು ಊ ಅಂದಾಗ ಎಷ್ಟು ಜನ ತಿರುಗಿ ನೋಡ್ತಾರೆ ಗೊತ್ತಾ ನಿಂಗೆ? ನೀನು ಕಾಂಪೌಂಡ್ ಗೋಡೆ ಮೇಲೆ ಕೂತಿರ್ತೀಯ. ನಾನು ಆ ಬೆಂಚಲ್ಲಿ ಕೂತಿರ್ತೀನಿ. ನನ್ನ ಬೆನ್ನಿಗೆ ಗೊತ್ತು. ಹೋಗ್ಲಿ ಬಿಡು ಮಾರಾಯ. ನನಗೆ ಜಗಳ ಬೇಡ."

ಅದು ಗಾಜಪ್ಪನನ್ನು ಟೇಪಿಗಿಂತ ಆಳವಾಗಿ ಕೊಯ್ದಿತು, ಏಕೆಂದರೆ ನಿಜವಾಗಿತ್ತು. ಅವನು ಭಾನುವಾರ ಚರ್ಚಿಗೆ ಬರುತ್ತಿದ್ದುದು ಅಕ್ಕನನ್ನೂ ತುತ್ತೂರಿಯನ್ನೂ ಬೈಕಿನಲ್ಲಿ ಬಿಡುವುದಕ್ಕೆ. ಆಮೇಲೆ ಗೋಡೆಯ ಮೇಲೆ ಕೂತು ಸಿಗರೇಟು ಸೇದುತ್ತ, ಒಳಗಿನಿಂದ ಆ "ಊ" ಬಂದಾಗ ತಾನೂ ಹೊರಗಿನಿಂದ ಮೆಲ್ಲಗೆ "ಊ" ಎನ್ನುತ್ತಿದ್ದ. ಅಷ್ಟೇ ಅವನ ಪೂಜೆ.

ಯೋಜನೆಯನ್ನು ಎಲ್ಲರಿಗೂ ವಿವರಿಸುವ ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಮಕ್ಕಳ ಪುಟ್ಟ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಗೋಡೆಯ ಮೇಲೆ ಬೆಳಕಿನ ಚಿತ್ರಗಳು ಒಂದಾದ ಮೇಲೊಂದು ಬಿದ್ದವು. ಶಾಲೆಯ ಸೋರುವ ಸೂರಿಗೆ ಹೊಸ ಹೊದಿಕೆ. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ. ಮೈದಾನದ ಅರ್ಧಕ್ಕೆ ಕಲ್ಲು ಹಾಸಿ ಕಾರು ನಿಲ್ಲಿಸುವ ಜಾಗ. ದೊಡ್ಡ ಗೇಟು, ಅದರ ಮೇಲೆ ಕಮಾನು. ನಕ್ಷೆ ಬರೆದವರು ಅಲ್ಲಲ್ಲಿ ಸಣ್ಣ ಸಣ್ಣ ಮನುಷ್ಯರನ್ನೂ ಬರೆದಿದ್ದರು. ಕೊಡೆ ಹಿಡಿದ ಹೆಂಗಸು, ಬಲೂನು ಹಿಡಿದ ಹುಡುಗ, ನಾಯಿಯನ್ನು ಕರೆದುಕೊಂಡು ಹೋಗುವ ಮುದುಕ. ಆ ಊರಿನಲ್ಲಿ ಯಾರೂ ನಾಯಿಯನ್ನು ಚರ್ಚಿಗೆ ಕರೆತರುತ್ತಿರಲಿಲ್ಲ. ನಾಯಿಗೂ ನಕ್ಷೆಯಲ್ಲಿ ಜಾಗವಿತ್ತು.

ಅಧ್ಯಕ್ಷರು ಚಿತ್ರಕ್ಕೊಮ್ಮೆ "ಇದೊಂದು ಸೌಲಭ್ಯ" ಎನ್ನುತ್ತಿದ್ದರು. ಆ ಮಾತು ಪ್ರತಿ ಸಲ ಗಾಜಪ್ಪನ ಕಿವಿಗೆ ಕಾದ ಸೀಸದಂತೆ ಬೀಳುತ್ತಿತ್ತು. ಶಿಶು ಕೋಣೆಯ ಚಿತ್ರ ಬಂದಾಗ ಅವನು ಎದ್ದ. ಪುಟ್ಟ ಬೆಂಚು ಅವನ ಜೊತೆಗೇ ಎದ್ದು ಬಿದ್ದಿತು. ನಾಲ್ಕು ಜನ ನಕ್ಕರು.

"ಮೆಟ್ಟಿಲ ಪಕ್ಕ ಒಂದು ರ‍್ಯಾಂಪ್ ಹಾಕಿ ಸರ್. ಚರ್ಚಿಗೂ ಹಾಕಿ, ಶಾಲೆಗೂ ಹಾಕಿ. ಗಾಜು ಬೇಡ."

"ರ‍್ಯಾಂಪ್ ಎರಡನೇ ಹಂತದಲ್ಲಿದೆ," ಎಂದರು ಅಧ್ಯಕ್ಷರು.

"ಎರಡನೇ ಹಂತ ಯಾವಾಗ?"

"ಮೊದಲನೇದು ಮುಗಿದ ಮೇಲೆ."

ಈಗ ಹೆಚ್ಚು ಜನ ನಕ್ಕರು. ದೊಡ್ಡ ಸಿಸ್ಟರ್ ಮಾತ್ರ ನಗದೆ, "ನೋಡಪ್ಪ, ಮಗುಗೆ ಯಾರೂ ಕೆಟ್ಟದ್ದು ಬಯಸ್ತಿಲ್ಲ. ನಿಶ್ಶಬ್ದದಲ್ಲಿ ಪ್ರಾರ್ಥನೆ ಮಾಡೋಕೆ ಬಂದೋರಿಗೂ ಒಂದು ಹಕ್ಕಿದೆ ಅಲ್ವಾ?" ಎಂದರು.

"ಹಾಗಾದ್ರೆ ಅವರನ್ನೇ ಗಾಜಿನೊಳಗೆ ಕೂರಿಸಿ ಸಿಸ್ಟರ್. ಯಾರಿಗೆ ಸದ್ದು ಆಗಲ್ವೋ ಅವರು ಒಳಗೆ ಹೋಗ್ಲಿ. ಸ್ಪೀಕರ್ ಇದೆ, ಫ್ಯಾನ್ ಇದೆ. ನಾನೇ ಬಿಟ್ಟಿ ಕಟ್ಟಿಕೊಡ್ತೀನಿ, ನಾಳೇನೇ ಕಟ್ಟಿಕೊಡ್ತೀನಿ."

ಅಧ್ಯಕ್ಷರು ದೀಪ ಹಾಕಿಸಿದರು. "ಏನಪ್ಪಾ, ಸಭೆ ಅಂದ್ರೆ ಸಂತೆ ಅಲ್ಲ. ಮಾತಾಡೋಕೆ ಬರದಿದ್ರೆ ಸ್ವಲ್ಪ ಹೊತ್ತು ಹೊರಗೆ ನಿಲ್ಲು."

ಹೊರಗೆ ನಿಲ್ಲು. ಈ ಶಾಲೆಯಲ್ಲಿ ಗಾಜಪ್ಪ ಪೂರ್ತಿಯಾಗಿ ಕಲಿತ ಪಾಠ ಅದೊಂದೇ. ಲೆಕ್ಕ ಬರದಿದ್ದರೆ ಹೊರಗೆ ನಿಲ್ಲು, ನಕ್ಕರೆ ಹೊರಗೆ ನಿಲ್ಲು, ಯಾಕೆ ಅಂದರೆ ಹೊರಗೆ ನಿಲ್ಲು. ಆ ವರಾಂಡದ ಯಾವ ಹಾಸುಗಲ್ಲು ಅಲ್ಲಾಡುತ್ತದೆ ಎಂದು ಅವನ ಹಿಮ್ಮಡಿಗೆ ಇವತ್ತಿಗೂ ಗೊತ್ತು. ನಿಂತು ನಿಂತು ಒಂದು ದಿನ, ಹೇಗೂ ಹೊರಗೇ ನಿಲ್ಲಬೇಕು, ಇನ್ನೂ ಸ್ವಲ್ಪ ಹೊರಗೆ ನಿಂತರೇನು ಎಂದು ಗೇಟು ದಾಟಿದವನು ಮತ್ತೆ ಬಂದಿರಲಿಲ್ಲ.

"ನಿಲ್ಲಲ್ಲ," ಎಂದ. "ಈ ಕೆಲಸಾನೂ ನಾನು ಮಾಡಲ್ಲ."

"ಬೇಡ. ಊರಲ್ಲಿ ಗಾಜು ಹಾಕೋನು ನೀನೊಬ್ಬನೇನಾ?"

ಅದೂ ನಿಜವೇ.

"ಅಡ್ಡಿ ಹೇಳ್ತೀನಿ. ಪ್ರಕಟಣೆ ದಿನ ಎದ್ದು ನಿಂತು ಹೇಳ್ತೀನಿ."

ಆಗ ಅಧ್ಯಕ್ಷರ ಮುಖ ಅರಳಿತು. ಯಾಕೆಂದರೆ ಅದು ಅವರ ಪ್ರೀತಿಯ ವಿಷಯ. ಆ ಚರ್ಚಿಗೊಂದು ವಿಚಿತ್ರ ಪದ್ಧತಿ ಇತ್ತು. ಮದುವೆಗೆ ಮೊದಲು ಗಂಡು ಹೆಣ್ಣಿನ ಹೆಸರನ್ನು ಮೂರು ಭಾನುವಾರ ಓದಿ, ಅಡ್ಡಿ ಇದ್ದವರು ಹೇಳತಕ್ಕದ್ದು ಎಂದು ಕೇಳುವುದು ಎಲ್ಲ ಚರ್ಚುಗಳಲ್ಲೂ ಇದ್ದದ್ದೇ. ಇಲ್ಲಿ ಕಟ್ಟಡಕ್ಕೂ ಹಾಗೇ ಕೇಳುತ್ತಿದ್ದರು. ಹಿಂದೆ ಯಾವುದೋ ಕಾಲದಲ್ಲಿ ಶಾಲೆಯ ಮಹಡಿ ಎದ್ದು, ಪಕ್ಕದ ಮನೆಯ ದರ್ಜಿಯ ಕಿಟಕಿಗೆ ಬೆಳಕೇ ಇಲ್ಲದಂತಾಯಿತಂತೆ. "ಮೊದಲೇ ಯಾಕೆ ಹೇಳಲಿಲ್ಲ?" ಎಂದರೆ, "ಮೊದಲು ಯಾರು ಕೇಳಿದರು?" ಎಂದನಂತೆ ದರ್ಜಿ. ಅಂದಿನ ಫಾದರ್ ನಾಚಿಕೆಪಟ್ಟು ನಿಯಮ ಮಾಡಿ, ಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಪಕ್ಕ ಹಾಕಿಸಿದರು: ಪ್ರತಿ ಭಾನುವಾರ ತಪ್ಪದೆ ಪೂಜೆಗೆ ಬರುವ ಯಾವನೇ ಕ್ರೈಸ್ತನು ದೇವಾಲಯದೊಳಗೆ ಎಲ್ಲರಿಗೂ ಕೇಳುವಂತೆ ಅಡ್ಡಿ ಹೇಳಿದಲ್ಲಿ, ಹೇಳಿದವನು ಅದನ್ನು ಹಿಂದಕ್ಕೆ ಪಡೆಯುವವರೆಗೆ, ವಾರವಾರವೂ ಪೂಜೆಯಲ್ಲಿ ಅವನನ್ನು ಕೇಳತಕ್ಕದ್ದು, ಅಲ್ಲಿಯವರೆಗೆ ಕೆಲಸ ಮುಟ್ಟತಕ್ಕದ್ದಲ್ಲ; ಪೂಜೆಯಲ್ಲಿ ಕೇಳಿದಾಗ ಉತ್ತರ ಬಾರದಿದ್ದಲ್ಲಿ ಅಡ್ಡಿ ಬಿದ್ದುಹೋದಂತೆ. ಊರಿನವರು ಇದನ್ನು ಕಟ್ಟಡದ ಮದುವೆ ಎಂದು ಗೇಲಿ ಮಾಡುತ್ತಿದ್ದರು. ಆಮೇಲೆ ಯಾರೂ ಯಾವ ಕಟ್ಟಡದ ಮದುವೆಯನ್ನೂ ನಿಲ್ಲಿಸಿರಲಿಲ್ಲ. ಅಧ್ಯಕ್ಷರು ಮಾತ್ರ ಬೇರೆ ಚರ್ಚಿನವರ ಮುಂದೆಲ್ಲ ಈ ಕಲ್ಲಿನ ಬಗ್ಗೆ ಎದೆ ಉಬ್ಬಿಸಿ ಹೇಳುತ್ತಿದ್ದರು, ಪ್ರಕಟಣೆಯನ್ನು ಬೇರೆ ಯಾರಿಗೂ ಬಿಡದೆ ತಾವೇ ಓದುತ್ತಿದ್ದರು.

"ಖಂಡಿತ ಹೇಳಬಹುದು," ಎಂದರು. "ಪ್ರತಿ ಭಾನುವಾರ ಪೂಜೆಗೆ ಬರೋರು ಹೇಳಬಹುದು. ನೀನು ಯಾವಾಗ ಬರ್ತೀಯ? ಮದುವೆಗೆ, ಮಣ್ಣಿಗೆ. ಕಾಂಪೌಂಡ್ ಗೋಡೆ ಮೇಲೆ ಕೂರೋದು ಲೆಕ್ಕಕ್ಕಿಲ್ಲಪ್ಪ."

ಈ ಸಲ ನಗದೇ ಇದ್ದವರನ್ನು ಹುಡುಕಬೇಕಿತ್ತು.

ಉಳಿದದ್ದು ಅಕ್ಕ. ತಪ್ಪದೆ ಬರುವವಳು ಅವಳೇ. ಗಾಜಪ್ಪ ಅವಳ ಬೆನ್ನು ಬಿದ್ದ. ಮೊದಲನೇ ಪ್ರಕಟಣೆಯ ದಿನ ಅಕ್ಕ ಮಗಳನ್ನು ಕರೆದುಕೊಂಡು ಹಿಂದಿನ ಸಾಲಿನಲ್ಲಿ ಕೂತು, ಪ್ರಕಟಣೆಗೆ ಮೊದಲೇ ಎದ್ದು ಬಂದಳು. ಎರಡನೆಯದಕ್ಕೂ ಹಾಗೇ. ಹಿಂದಿನಿಂದ ತುತ್ತೂರಿಗೆ ಗಂಟೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ಎರಡು ಭಾನುವಾರವೂ ಅವಳು ಓಗೊಡಲಿಲ್ಲ. ಎರಡನೇ ಭಾನುವಾರ ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅಮ್ಮ ಗಂಜಿ ಹಿಡಿದು ಕೂತರೂ ತಿರುಗಲಿಲ್ಲ.

"ನೋಡು," ಎಂದ ಗಾಜಪ್ಪ. "ಗಾಜು ಇನ್ನೂ ಹಾಕಿಲ್ಲ."

ಮೂರನೇ ಭಾನುವಾರ ಅಕ್ಕ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ, ಹಿಂದಿನ ಸಾಲನ್ನು ದಾಟಿ, ನೆಟ್ಟಗೆ ಮುಂದಿನ ಬೆಂಚಿಗೆ ಹೋದಳು. ಗಾಜಪ್ಪನೂ ಸಿಗರೇಟು ಎಸೆದು ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತ. ಅವನನ್ನು ಒಳಗೆ ಕಂಡು ಬಾಗಿಲ ಬಳಿಯ ಮುದುಕಿಯೊಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು.

ಗಂಟೆ ಬಾರಿಸಿತು. ನಾದ ಅಡಗಿತು. ತುತ್ತೂರಿ ಬಾಯಿ ತೆರೆಯಲಿಲ್ಲ. ಪೀಠವನ್ನೇ ನೋಡುತ್ತಿದ್ದಳು, ಅಷ್ಟೇ. ಎರಡು ವಾರ ಕರೆದರೂ ಓಗೊಡದೆ ಹೋದದ್ದಕ್ಕೆ ಕರೆದವರೇ ಮುನಿಸಿಕೊಂಡಿರಬಹುದು ಎಂದುಕೊಂಡಳೋ ಏನೋ. ಗಾಜಪ್ಪ ಅಕ್ಕನ ಕಿವಿಯ ಬಳಿ ಬಗ್ಗಿ, "ನೀನಾದ್ರೂ ಹೇಳೇ. ಎರಡೇ ಅಕ್ಷರ. 'ಇದೆ' ಅನ್ನು ಸಾಕು" ಎಂದ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು.

ಪೂಜೆಯ ಕೊನೆಗೆ ಅಧ್ಯಕ್ಷರು ಮೈಕಿನ ಮುಂದೆ ಬಂದರು. ಗಂಟಲು ಸರಿಮಾಡಿಕೊಂಡರು. ಸೂರು, ಶೌಚಾಲಯ, ಕಾರಿನ ಜಾಗ, ಕಮಾನು, ಶಿಶು ಕೋಣೆ, ಒಂದೊಂದನ್ನೂ ಒಂದೊಂದು ಮದುಮಗಳನ್ನು ಕರೆದಂತೆ ಕರೆದರು. "ಶಿಶು ಕೋಣೆಗೆ ಸಂಬಂಧಪಟ್ಟಂತೆ ಇದು ಮೂರನೆಯ ಮತ್ತು ಕೊನೆಯ ಪ್ರಕಟಣೆ. ಅಡ್ಡಿ ಇದ್ದವರು ಈಗಲೇ ಹೇಳತಕ್ಕದ್ದು," ಎಂದು ಕನ್ನಡಕದ ಮೇಲಿನಿಂದ ನೋಡಿದರು. ನೋಡಿ ಸುಮ್ಮನಾದರು. ಅವರಿಗೆ ಆ ಮೌನವೆಂದರೆ ಬಲು ಇಷ್ಟ. ಬಾಯಲ್ಲಿಟ್ಟು ಚಪ್ಪರಿಸುವ ಹಾಗೆ ಅದನ್ನು ಎಳೆಯುತ್ತಿದ್ದರು. ಇಡೀ ಚರ್ಚು ಉಸಿರು ಹಿಡಿಯುತ್ತಿತ್ತು, ಗಂಟೆ ಅಡಗಿದ ಮೇಲೆ ಹಿಡಿಯುತ್ತದಲ್ಲ, ಹಾಗೇ.

ಅಷ್ಟು ದೊಡ್ಡ ಮೌನವನ್ನು ತುತ್ತೂರಿ ಖಾಲಿ ಬಿಡಲಿಲ್ಲ.

"ಊ—!"

ಎರಡು ವಾರ ಕೂಡಿಟ್ಟದ್ದೆಲ್ಲ ಒಟ್ಟಿಗೆ ಹೊರಬಂದ ಹಾಗಿತ್ತು. ಛಾವಣಿಗೆ ತಾಗಿ, ಹಿಂದಿನ ಗೋಡೆಗೆ ಬಡಿದು, ಬೆಂಚುಗಳ ಮೇಲೆ ಉರುಳಿಕೊಂಡು ವಾಪಸು ಬಂತು. ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಕ್ಕು, "ಸರಿ, ಅಡ್ಡಿ ಏನೂ ಇಲ್ಲದ್ದರಿಂದ..." ಎಂದು ಹಾಳೆ ಮಡಿಚತೊಡಗಿದರು.

ಗಾಜಪ್ಪ ಯೋಚಿಸಿ ಎದ್ದದ್ದಲ್ಲ. ಎದ್ದ ಮೇಲೆ ಯೋಚಿಸಿದ.

"ಬಂತಲ್ಲ ಸರ್ ಅಡ್ಡಿ!"

"ಕೂತ್ಕೊಳಪ್ಪ. ನೀನು ಹೇಳೋ ಹಾಗಿಲ್ಲ ಅಂತ..."

"ನಾನು ಹೇಳಿಲ್ಲ. ಇವಳು ಹೇಳಿದ್ದು. ಪ್ರತಿ ಭಾನುವಾರ ತಪ್ಪದೆ ಬರ್ತಾಳಾ? ಬರ್ತಾಳೆ. ಬರ್ತಾಳೆ ಅನ್ನೋದೇ ಅಲ್ವಾ ನಿಮ್ಮ ದೂರು! ದೀಕ್ಷಾಸ್ನಾನ ಆಗಿದೆಯಾ? ಇದೇ ಚರ್ಚಲ್ಲಿ ಆಗಿದೆ. ಎಲ್ಲರಿಗೂ ಕೇಳೋ ಹಾಗೆ ಹೇಳಿದ್ಲಾ? ಯಾರಿಗೆ ಕೇಳಿಲ್ಲ, ಕೈ ಎತ್ತಿ ನೋಡೋಣ."

ಯಾರೂ ಕೈ ಎತ್ತಲಿಲ್ಲ. ಬಾಗಿಲ ಬಳಿಯ ಮುದುಕಿ, ಅರ್ಧ ಕಿವುಡಿ, "ನಂಗೂ ಕೇಳಿಸ್ತು" ಎಂದಳು.

ಎಲ್ಲರೂ ಫಾದರನ್ನು ನೋಡಿದರು. ಫಾದರ್ ಆ ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಯಾರಿಗೂ ಇಲ್ಲ ಎನ್ನಲಾಗದ ಮನುಷ್ಯ. ಅವರು ಬಾಗಿಲ ಪಕ್ಕದ ಕಲ್ಲನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು, ಕೊನೆಗೆ ಮೈಕನ್ನೇ ನೋಡುತ್ತ, "ಪೂಜೆ ಆದ ಮೇಲೆ ನನ್ನ ಕೋಣೆಗೆ ಬನ್ನಿ" ಎಂದು ಬೇಗ ಬೇಗ ಆಶೀರ್ವಾದ ಕೊಟ್ಟು ಮುಗಿಸಿದರು.

ಫಾದರ್ ಕೋಣೆಯಲ್ಲಿ ಅಧ್ಯಕ್ಷರ ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ. "ಇದು ದೇವಾಲಯಕ್ಕೇ ಅವಮಾನ ಫಾದರ್! ಆ ಮಗುಗೆ ಶಿಶು ಕೋಣೆ ಅಂದ್ರೇನು, ಅಡ್ಡಿ ಅಂದ್ರೇನು, ಏನಾದ್ರೂ ಅರ್ಥ ಆಗತ್ತಾ?"

"ಅರ್ಥ ಆಗಿರಬೇಕು ಅಂತ ಕಲ್ಲಲ್ಲಿ ಎಲ್ಲಿ ಬರೆದಿದೆ ಸರ್?" ಎಂದ ಗಾಜಪ್ಪ. "ಸುಮ್ಮನಿದ್ದೋರಿಗೆಲ್ಲ ಅರ್ಥ ಆಗಿತ್ತಾ? ಅವರ ಸುಮ್ಮನಿರೋದನ್ನ ಒಪ್ಪಿಗೆ ಅಂತ ಬರ್ಕೊಂಡ್ರಿ. ಇವಳ ಕೂಗನ್ನ ಅಡ್ಡಿ ಅಂತ ಬರ್ಕೊಳ್ಳೋಕೆ ಏನು ಕಷ್ಟ?"

"ಲೋ, ಸಾಕು ಮಾಡೋ," ಎಂದಳು ಅಕ್ಕ, ನೆಲ ನೋಡುತ್ತ.

ಫಾದರ್ ಕುರ್ಚಿ ಬಿಟ್ಟು ಎದ್ದು, ತುತ್ತೂರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಅಡ್ಡಿನ ವಾಪಸ್ ತಗೋತೀಯಾ ಮಗಳೇ?" ತುತ್ತೂರಿ ಅವರ ಕುತ್ತಿಗೆಯ ಬಿಳಿ ಪಟ್ಟಿಯನ್ನು ಮುಟ್ಟಿ ನೋಡಿದಳು. ಅವರ ಮೂಗನ್ನೂ ಮುಟ್ಟಿ ನೋಡಿದಳು. ಒಂದು ಸದ್ದೂ ಇಲ್ಲ.

"ತಗೊಂಡಿಲ್ಲ," ಎಂದರು ಫಾದರ್ ಎದ್ದು ನಿಂತು. "ನಿಯಮದ ಪ್ರಕಾರ ಮುಂದಿನ ವಾರ ಮತ್ತೆ ಕೇಳೋಣ. ಮಿಕ್ಕ ಕೆಲಸ ನಡೀಲಿ. ಗಾಜಿನದ್ದು ನಿಲ್ಲಲಿ."

ಫಾದರಿಗೆ ಇದ್ದಕ್ಕಿದ್ದಂತೆ ಧೈರ್ಯ ಬಂತೆಂದು ಯಾರೂ ತಿಳಿಯಬೇಕಾಗಿಲ್ಲ. ಮುಂದಿನ ವಾರಕ್ಕೆ ತಳ್ಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಕೆಲವರ ಪುಕ್ಕಲುತನವೂ ಒಮ್ಮೊಮ್ಮೆ ಸರಿಯಾದ ಕಡೆಗೇ ಓಡುತ್ತದೆ.

ಹಾಗೆ ಶುರುವಾಯಿತು. ಭಾನುವಾರ ಬಂತೆಂದರೆ ಅಧ್ಯಕ್ಷರು ಮೈಕಿನ ಮುಂದೆ ನಿಂತು ಕೇಳಲೇಬೇಕು: "ಶಿಶು ಕೋಣೆಯ ಅಡ್ಡಿ ಇನ್ನೂ ಇದೆಯೇ?" ತಮ್ಮದೇ ಹೆಮ್ಮೆಯ ಕಲ್ಲು, ಅದನ್ನು ತಾವೇ ಒಡೆಯುವಂತಿಲ್ಲ. ಮೌನ ಸಿಕ್ಕದಿದ್ದರೆ ಹುಡುಗಿ ಕೂಗುವುದಿಲ್ಲ ಎಂದು ಕಂಡುಕೊಂಡು, ಎರಡನೇ ವಾರ ರೈಲು ಓಡಿಸಿದ ಹಾಗೆ ಒಂದೇ ಉಸಿರಿನಲ್ಲಿ ಓದಿದರು. ಆದರೆ ಮನುಷ್ಯನಿಗೆ ಉಸಿರು ಎಳೆದುಕೊಳ್ಳದೆ ವಿಧಿಯಿಲ್ಲವಲ್ಲ. ಅವರು ಎಳೆದುಕೊಂಡರು, ತುತ್ತೂರಿ ಬಿಟ್ಟಳು. "ಊ—!" ಮೂರನೇ ವಾರದ ಹೊತ್ತಿಗೆ ಮೊದಲು ಬೇಗ ಎದ್ದು ಹೋಗುತ್ತಿದ್ದವರೆಲ್ಲ ಪ್ರಕಟಣೆಯವರೆಗೂ ಕೂರತೊಡಗಿದರು. ಗಂಟೆಗೂ ಅವಳ ಓಗೊಡುವಿಕೆ ಮರಳಿ ಬಂದಿತ್ತು. ಈಗ ವಾರಕ್ಕೆರಡು.

ಎಲ್ಲರೂ ಮೆಚ್ಚಿಕೊಂಡರೆಂದಲ್ಲ. ಅಕ್ಕನಿಗೆ ಬರುತ್ತಿದ್ದ ಸಮವಸ್ತ್ರದ ಕೆಲಸ ಸದ್ದಿಲ್ಲದೆ ನಿಂತಿತು; ಬೇರೆಯವರಿಗೆ ಕೊಟ್ಟಿದ್ದೇವೆ ಎಂದು ಹೇಳಿಕಳಿಸಿದರು. ಮುಂದಿನ ಬೆಂಚಿನಲ್ಲಿ ಅವರ ಪಕ್ಕ ಕೂರುತ್ತಿದ್ದ ಸಂಸಾರವೊಂದು ಆಚೆ ಸಾಲಿಗೆ ಹೋಯಿತು. ಗಾಜಪ್ಪ ಹಲ್ಲು ಕಡಿದು ಅಲ್ಲಿ ತಾನು ಅಗಲವಾಗಿ ಕೂತ. ಅವನೂ ಈಗ ತಪ್ಪದೆ ಬರುವವನಾಗಿದ್ದ. ಅಧ್ಯಕ್ಷರು, "ಒಂದು ವರ್ಷ ಬಾ, ಆಮೇಲೆ ನೋಡೋಣ" ಎಂದಿದ್ದರು. "ಈ ಯೋಜನೆಯಿಂದ ಚರ್ಚಿಗೆ ಒಂದು ಆತ್ಮನಾದ್ರೂ ಸಿಕ್ತಲ್ಲ," ಎಂದು ಅಮ್ಮ ನಗುತ್ತಿದ್ದಳು.

ಅಕ್ಕ ಮಾತ್ರ ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಯಂತ್ರದ ಮುಂದೆ ಕೆಲಸವಿಲ್ಲದೆ ಕೂತು ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಒಂದು ದಿನ ಹೇಳಿಯೂ ಬಿಟ್ಟಳು: "ನಿಂಗೆ ಅವಳು ಬೇಕಾಗಿಲ್ಲ ಕಣೋ. ನಿಂಗೆ ಆ ಶಾಲೆ ಮೇಲೆ ಹಳೇ ಹಗೆ. ಅದನ್ನ ತೀರಿಸ್ಕೊಳ್ಳೋಕೆ ನನ್ನ ಮಗಳನ್ನ ಮುಂದೆ ಬಿಟ್ಟಿದೀಯ."

"ಎರಡೂ ಇರಬಾರದಾ?" ಎಂದ ಗಾಜಪ್ಪ.

ಅದಾದ ವಾರ ತುತ್ತೂರಿಗೆ ಜ್ವರ ಬಂತು. ಭಾನುವಾರ ಬೆಳಿಗ್ಗೆಯೂ ಮೈ ಸುಡುತ್ತಿತ್ತು. ಗಾಜಪ್ಪ ಬೈಕ್ ತಂದು ನಿಲ್ಲಿಸಿದಾಗ ಅಮ್ಮ ಮೊಮ್ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. "ಇವತ್ತು ಬೇಡ," ಎಂದ ಅವನು. ಮುಗಿಯಿತು ಎಂದುಕೊಂಡ. ಕೇಳಿದಾಗ ಉತ್ತರ ಬರದಿದ್ದರೆ ಅಡ್ಡಿ ಬಿದ್ದುಹೋದ ಹಾಗೆ. ಬೇರೆ ಗಾಜಿನವನು ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದಾನೆಂದು ಅಂಗಡಿಯಲ್ಲಿ ಕೇಳಿದ್ದ.

ಅಕ್ಕ ಒಳಗಿನಿಂದ ಒಳ್ಳೆಯ ಸೀರೆ ಉಟ್ಟು ಬಂದಳು. "ಅಮ್ಮ ನೋಡ್ಕೋತಾಳೆ. ನಡಿ."

"ನೀನೊಬ್ಬಳೇ ಬಂದು ಏನು ಮಾಡ್ತೀಯ?"

"ಬೈಕ್ ತೆಗೀತೀಯೋ, ನಡೆದು ಹೋಗ್ಲೋ?"

ಮುಂದಿನ ಬೆಂಚಿನಲ್ಲಿ ಇಬ್ಬರ ನಡುವೆ ತುತ್ತೂರಿಯ ಜಾಗ ಖಾಲಿ ಇತ್ತು. ಗಂಟೆ ಬಾರಿಸಿತು. ನಾದ ಅಡಗಿತು. ಅದರ ಹಿಂದೆ ಬಂದ ನಿಶ್ಶಬ್ದ, ಅಷ್ಟು ಜನ ಅಷ್ಟು ದಿನ ಬಯಸಿದ್ದ ನಿಶ್ಶಬ್ದ, ಯಾಕೋ ಯಾರಿಗೂ ರುಚಿಸಿದ ಹಾಗೆ ಕಾಣಲಿಲ್ಲ. ಕೆಲವರು ಬಾಗಿದ್ದ ತಲೆಯನ್ನು ಎತ್ತಿ ಮುಂದಿನ ಬೆಂಚಿನ ಕಡೆ ನೋಡಿದರು.

ಅಧ್ಯಕ್ಷರೂ ನೋಡಿದ್ದರು. ಅವತ್ತು ಅವರು ಮೈಕಿನ ಮುಂದೆ ಅವಸರವಿಲ್ಲದೆ ಬಂದರು, ಅವಸರವಿಲ್ಲದೆ ಕನ್ನಡಕ ಒರೆಸಿದರು. ಹಳೆಯ ದಿನಗಳ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು. "ಶಿಶು ಕೋಣೆಯ ಅಡ್ಡಿ ಇನ್ನೂ ಇದೆಯೇ?"

ಕೇಳಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ತಮ್ಮ ಪ್ರೀತಿಯ ಮೌನವನ್ನು ಸಾವಕಾಶವಾಗಿ ಎಳೆದರು. ಎದ್ದರೆ ಗಾಜಪ್ಪನ ಮಾತು ಲೆಕ್ಕಕ್ಕಿಲ್ಲ. ಏಳದಿದ್ದರೆ ಇವತ್ತಿಗೆ ಎಲ್ಲ ಮುಗಿದ ಹಾಗೆ. ಅವನು ಏಳಲು ಬೆಂಚನ್ನು ಹಿಡಿದ.

ಅವನ ಮೊಣಕೈಯ ಮೇಲೆ ಒಂದು ಕೈ ಬಿತ್ತು, ಅವನನ್ನು ಕೂರಿಸಿತು, ಆಮೇಲೆ ಅದೇ ಮೊಣಕೈಯನ್ನು ಊರಿಕೊಂಡು ಅಕ್ಕ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಕೆಲಸಕ್ಕೆ ಇಳಿಯುವವಳ ಹಾಗೆ. ಕೆಳಗಿನ ಮನೆಯವರಿಗೆ ಕೇಳಿಸೀತೆಂದು ಒಂಬತ್ತು ವರ್ಷ ಮೆಲ್ಲಗೆ ಮಾತಾಡಿದವಳು ತಲೆಯನ್ನು ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದಳು.

"ಊ—!"

ಛಾವಣಿಯ ಪಾರಿವಾಳಗಳು ಒಮ್ಮೆಲೇ ಎದ್ದವು. ಅವಳ ಮಗಳಿಗಿಂತ ಒರಟಾದ ದನಿ, ನಡುವೆ ಎಲ್ಲೋ ಒಡೆದು ಮತ್ತೆ ಕೂಡಿಕೊಂಡ ದನಿ. ಗಾಜಪ್ಪ ಅಕ್ಕನ ಗಂಟಲಿನ ನರ ಉಬ್ಬಿದ್ದನ್ನು ನೋಡುತ್ತ ಬಾಯಿ ತೆರೆದುಕೊಂಡು ಕೂತುಬಿಟ್ಟ.

ಅಧ್ಯಕ್ಷರ ಕೈ ಹಿಂದಿನಿಂದ ಮುಂದಕ್ಕೆ ಬಂತು. "ಏನಮ್ಮಾ... ಏನದು?"

"ನನ್ನ ಮಗಳು ಹೇಳಿದ್ದೇ ಸರ್," ಎಂದಳು ಅಕ್ಕ, ಉಸಿರು ಎಳೆದುಕೊಳ್ಳುತ್ತ. "ಅವಳಿಗೆ ಜ್ವರ. ನಾನೂ ತಪ್ಪದೆ ಬರೋಳೇ. ಹಿಂದಿನೋರಿಗೆ ಕೇಳಿಸ್ತೋ, ಇನ್ನೊಂದ್ಸಲ ಹೇಳ್ಲೋ?"